ಯಾವ ಅಭ್ಯಾಸ ಮೊದಲು? ಹುಬ್ಬಳ್ಳಿ-ಧಾರವಾಡದ ದಿನಚರಿಗೆ ಒಗ್ಗುವ ಆರೋಗ್ಯದ ಆಯ್ಕೆಗಳ ಹೋಲಿಕೆ

ಆರೋಗ್ಯ ಸುಧಾರಿಸಿಕೊಳ್ಳಬೇಕೆಂದು ನಿಶ್ಚಯಿಸಿದವರಿಗೆ ನಮ್ಮ ಭಾಗದಲ್ಲಿ ಸಲಹೆಗಳ ಕೊರತೆಯಿಲ್ಲ. ನಸುಕಿನಲ್ಲಿ ಎದ್ದು ವಾಕಿಂಗ್ ಹೋಗಿ ಎಂದು ನೆರೆಹೊರೆಯವರು, ಅನ್ನ ಬಿಟ್ಟು ನವಣಕ್ಕಿ ಉಣ್ಣಿ ಎಂದು ಬೀಗರು, ಜಿಮ್ ಸೇರಿ ಎಂದು ಮಕ್ಕಳು, ಪ್ರಾಣಾಯಾಮ ಮಾಡಿ ಎಂದು ಹಿರಿಯರು ಹೇಳುತ್ತಲೇ ಇರುತ್ತಾರೆ. ಇವುಗಳಲ್ಲಿ ಯಾವುದೂ ಕೆಟ್ಟ ಸಲಹೆಯಲ್ಲ. ಆದರೆ ಎಲ್ಲವನ್ನೂ ಒಂದೇ ಸೋಮವಾರ ಹಿಡಿದವರು ಕೆಲವು ವಾರಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡುವುದು ಸಾಮಾನ್ಯವಾಗಿರುವುದರಿಂದ, ಯಾವುದನ್ನು ಮೊದಲು ಆರಿಸಿಕೊಳ್ಳಬೇಕು ಎಂಬುದನ್ನು ಹೋಲಿಸಿ ನೋಡುವುದು ಅಗತ್ಯ.

ಹೋಲಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಆ ಅಭ್ಯಾಸಕ್ಕೆ ಬೇಕಾದ ಹೊತ್ತು ನಿಜವಾಗಿಯೂ ನಿಮ್ಮ ಕೈಯಲ್ಲಿದೆಯೇ? ನಿಮ್ಮ ದೇಹಸ್ಥಿತಿಗೆ ಅದು ಒಗ್ಗುತ್ತದೆಯೇ? ಅದರ ಭಾರ ಮನೆಯ ಇನ್ನೊಬ್ಬರ ಮೇಲೆ ಬೀಳುತ್ತದೆಯೇ? ಮೊದಲನೆಯ ಪ್ರಶ್ನೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಬೆಳಗಿನ ಆರು ಗಂಟೆ ನಿವೃತ್ತರಾದ ಮಾಸ್ತರರಿಗೆ ಬಿಡುವಿನ ಹೊತ್ತು. ಮಕ್ಕಳಿಗೂ ಯಜಮಾನರಿಗೂ ಬುತ್ತಿ ಕಟ್ಟಬೇಕಾದ ಅವರ ಸೊಸೆಗೆ ಅದೇ ಆರು ಗಂಟೆ ದಿನದ ಅತ್ಯಂತ ಗಡಿಬಿಡಿಯ ಹೊತ್ತು. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬರಿಗೆ ಪ್ರಯೋಜನವಾಗುತ್ತದೆ, ಇನ್ನೊಬ್ಬರಿಗೆ ಕೈಲಾಗಲಿಲ್ಲವೆಂಬ ಕೊರಗು ಉಳಿಯುತ್ತದೆ.

ನಡಿಗೆ: ಬೆಳಿಗ್ಗೆಯೋ, ಸಂಜೆಯೋ, ಊಟದ ನಂತರವೋ

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ನಡೆಯುತ್ತಲೇ ಮಾತನಾಡಲು ಬರಬೇಕು, ಆದರೆ ಹಾಡುವಷ್ಟು ಉಸಿರು ಉಳಿದಿರಬಾರದು; ಅದು ಮಧ್ಯಮ ಪ್ರಮಾಣ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ನಡೆಯಬೇಕು ಎಂದು ಹಿಂದೆ ಇದ್ದ ಷರತ್ತನ್ನು ಈ ಮಾರ್ಗಸೂಚಿ ಕೈಬಿಟ್ಟಿದೆ. ದಿನವಿಡೀ ಚೂರುಚೂರಾಗಿ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ ಎಂಬುದು ಸಮಯವಿಲ್ಲದವರಿಗೆ ದೊಡ್ಡ ಸಮಾಧಾನದ ಸಂಗತಿ.

ಬೆಳಗಿನ ನಡಿಗೆಗೆ ಇರುವ ಅನುಕೂಲಗಳು ಸ್ಪಷ್ಟ: ರಸ್ತೆಗಳು ಖಾಲಿಯಿರುತ್ತವೆ, ಫೋನು ಕರೆಯುವುದಿಲ್ಲ, ಮುಂಜಾನೆಯ ಬೆಳಕು ಕಣ್ಣಿಗೆ ಬೀಳುವುದರಿಂದ ದೇಹದ ಗಡಿಯಾರ ಸರಿಯಾಗಿ ರಾತ್ರಿ ಹೊತ್ತಿಗೆ ನಿದ್ದೆ ಬರುತ್ತದೆ. ಆದರೆ ಹನ್ನೆರಡಕ್ಕೆ ಮಲಗಿ ಐದಕ್ಕೆ ಅಲಾರಾಂ ಇಟ್ಟು ಏಳುವವರು ನಡಿಗೆಯ ಲಾಭವನ್ನು ನಿದ್ದೆಯ ನಷ್ಟದಿಂದ ಪಡೆಯುತ್ತಿರುತ್ತಾರೆ. ಅಂಥವರು ಸಂಜೆ ನಡೆಯುವುದೇ ಒಳ್ಳೆಯದು. ಸಂಜೆ ಮೈ ಸಡಿಲಗೊಂಡಿರುವುದರಿಂದ ಸಂದು ಹಿಡಿದುಕೊಳ್ಳುವ ತೊಂದರೆ ಕಡಿಮೆ, ಆದರೆ ಪಿ.ಬಿ. ರಸ್ತೆಯಂಥ ವಾಹನದಟ್ಟಣೆಯ ದಾರಿಯ ಹೊಗೆ-ಧೂಳನ್ನು ತಪ್ಪಿಸಿ ಬಡಾವಣೆಯ ಒಳರಸ್ತೆಗಳನ್ನೇ ಹಿಡಿಯಬೇಕು.

ಮೂರನೆಯದು, ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆಯುವುದು. ಇದಕ್ಕೆ ಬೂಟು ಬೇಕಿಲ್ಲ, ಸಂಗಾತಿ ಬೇಕಿಲ್ಲ, ಮನೆಯ ಮುಂದಿನ ಓಣಿ ಸಾಕು. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಕೆಲಸ ಮಾಡುತ್ತಿರುವ ಸ್ನಾಯುಗಳು ಬಳಸಿಕೊಳ್ಳುವುದರಿಂದ ಆ ಏರಿಕೆ ತಗ್ಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅಥವಾ ಅದರ ಅಂಚಿನಲ್ಲಿ ಇದ್ದೀರಿ ಎಂದು ಡಾಕ್ಟರು ಹೇಳಿರುವವರಿಗೆ ಈ ಮೂರರಲ್ಲಿ ನಾನು ಮೊದಲು ಸೂಚಿಸುವುದು ಇದನ್ನೇ. ಇನ್ಸುಲಿನ್ ತೆಗೆದುಕೊಳ್ಳುವವರು ಮತ್ತು ಸಕ್ಕರೆಯನ್ನು ತೀವ್ರವಾಗಿ ಇಳಿಸುವ ಕೆಲವು ಮಾತ್ರೆಗಳನ್ನು ನುಂಗುವವರು ಖಾಲಿ ಹೊಟ್ಟೆಯಲ್ಲಿ ದೂರ ನಡೆಯುವ ಮುನ್ನ ವೈದ್ಯರನ್ನು ಕೇಳಲೇಬೇಕು. ನಡುಕ, ಬೆವರು, ಕಣ್ಣುಕತ್ತಲೆ ಬಂದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಲು ಕಿಸೆಯಲ್ಲಿ ಒಂದಿಷ್ಟು ಸಕ್ಕರೆ ಇಟ್ಟುಕೊಂಡಿರಬೇಕು. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಿರಿ ಎಂಬ ಸಲಹೆಯನ್ನೂ ಸಕ್ಕರೆ ಕಾಯಿಲೆಯವರು ಪಾಲಿಸಬಾರದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಚುಚ್ಚಿದ ಮುಳ್ಳು ಗೊತ್ತೇ ಆಗುವುದಿಲ್ಲ, ಆ ಸಣ್ಣ ಗಾಯವೇ ಮುಂದೆ ಮಾಯದ ಹುಣ್ಣಾಗಬಹುದು.

ಜಾಗದ ಆಯ್ಕೆಯಲ್ಲಿ ಮೊಣಕಾಲನ್ನು ಕೇಳಿ ನಿರ್ಧರಿಸುವುದು ಜಾಣತನ. ನೃಪತುಂಗ ಬೆಟ್ಟದ ಏರು ಕಡಿಮೆ ಹೊತ್ತಿನಲ್ಲಿ ಎದೆಬಡಿತವನ್ನು ಹೆಚ್ಚಿಸುತ್ತದೆ, ಮೇಲಿನ ಗಾಳಿ ಮತ್ತು ಕೆಳಗೆ ಹರಡಿದ ಊರಿನ ನೋಟ ಮನಸ್ಸಿಗೂ ಹಿತ. ಆದರೆ ಮೊಣಕಾಲಿನ ಮೇಲೆ ಹೆಚ್ಚಿನ ಒತ್ತಡ ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಆದ್ದರಿಂದ ಸವೆದ ಮೊಣಕಾಲಿನವರು ಉಣಕಲ್ ಕೆರೆಯ ಸಮತಟ್ಟಾದ ದಾರಿಯನ್ನೋ, ಧಾರವಾಡದಲ್ಲಾದರೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಮರಗಳ ನೆರಳಿನ ರಸ್ತೆಗಳನ್ನೋ ಆರಿಸಿಕೊಳ್ಳುವುದು ಮೇಲು. ಗದಗಿನವರಿಗೆ ಭೀಷ್ಮ ಕೆರೆಯ ಸುತ್ತಲಿನ ಪ್ರದೇಶವಿದೆ. ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡದಿರುವುದರಿಂದ, ಹೊರಗಿನ ಜಾಗವೊಂದನ್ನೇ ನಂಬಿದ ಅಭ್ಯಾಸ ಜುಲೈ ತಿಂಗಳಲ್ಲಿ ಮುರಿದುಬೀಳುವ ಸಂಭವ ಹೆಚ್ಚು. ಮನೆಯೊಳಗೇ ಮಾಡಬಹುದಾದ ಒಂದು ಬದಲಿಯನ್ನು ಮುಂಚೆಯೇ ಯೋಚಿಸಿಟ್ಟುಕೊಳ್ಳಬೇಕು.

ಅವಳಿ ನಗರದ ನಡುವೆ ದಿನವೂ ಓಡಾಡುವ ನೌಕರರಿಗೆ ಚಿಗರಿ ಬಸ್ಸೇ ಒಂದು ಅವಕಾಶ. ಇಳಿಯಬೇಕಾದ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಇಳಿದು ನಡೆದರೆ, ಹೋಗುವಾಗ ಬರುವಾಗ ಸೇರಿ ದಿನದ ನಡಿಗೆಯ ಬಹುಪಾಲು ಮುಗಿದಿರುತ್ತದೆ. ಬೈಕಿನಲ್ಲಿ ಹೋಗಿಬಂದು ಆಮೇಲೆ ವಾಕಿಂಗಿಗೆ ಸಮಯ ಹುಡುಕುವುದಕ್ಕಿಂತ ಇದು ನೇರವಾದ ದಾರಿ.

ಜಿಮ್, ಯೋಗ, ಗರಡಿಮನೆಯ ಬೈಠಕ್

ನಡಿಗೆಯೊಂದರಿಂದ ಸ್ನಾಯುಗಳ ಬಲ ಉಳಿಯುವುದಿಲ್ಲ. ವಾರಕ್ಕೆ ಎರಡು ದಿನವಾದರೂ ಬಲವರ್ಧಕ ವ್ಯಾಯಾಮ ಬೇಕು. ಇದಕ್ಕೆ ಜಿಮ್ಮೇ ಆಗಬೇಕೆಂದಿಲ್ಲ. ನಮ್ಮ ಗರಡಿಮನೆಗಳಲ್ಲಿ ಪೈಲ್ವಾನರು ಹೊಡೆಯುವ ದಂಡ-ಬೈಠಕ್ಕುಗಳು ದೇಹದ ತೂಕವನ್ನೇ ಬಳಸುವ ಉತ್ತಮ ವ್ಯಾಯಾಮಗಳು. ಇಪ್ಪತ್ತು-ಮೂವತ್ತರ ವಯಸ್ಸಿನವರಿಗೆ ತರಬೇತುದಾರರ ಕಣ್ಣೆದುರು ಭಾರ ಎತ್ತುವ ಜಿಮ್ ಬೇಗ ಫಲ ಕೊಡುತ್ತದೆ, ಆದರೆ ವರ್ಷದ ಶುಲ್ಕವನ್ನು ಒಮ್ಮೆಲೇ ಕಟ್ಟುವ ಮೊದಲು ಒಂದು ತಿಂಗಳು ಹೋಗಿ ನೋಡುವುದು ಕ್ಷೇಮ. ಯೋಗದಿಂದ ಮೈಯ ಬಾಗುವಿಕೆ, ಸಮತೋಲ ಮತ್ತು ಉಸಿರಾಟದ ಹಿಡಿತ ಹೆಚ್ಚುತ್ತವೆ. ಅರವತ್ತೈದು ದಾಟಿದವರು ಬೀಳದಂತೆ ಕಾಪಾಡಿಕೊಳ್ಳಲು ವಾರಕ್ಕೆ ಮೂರು ದಿನ ಸಮತೋಲದ ವ್ಯಾಯಾಮ ಮಾಡಬೇಕೆಂದಿರುವುದರಿಂದ ಹಿರಿಯರಿಗೆ ನಾನು ಯೋಗವನ್ನೇ ಮುಂದಿಡುತ್ತೇನೆ. ಅದರ ಜೊತೆಗೆ, ಗಟ್ಟಿಯಾದ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದನ್ನು ಸೇರಿಸಿದರೆ ತೊಡೆಯ ಬಲವೂ ಉಳಿಯುತ್ತದೆ.

ತಾಟಿನಲ್ಲಿ ಏನಿರಬೇಕು

ಜೋಳದ ರೊಟ್ಟಿ, ಚಪಾತಿ, ಅನ್ನ ಇವುಗಳ ನಡುವಿನ ಹೋಲಿಕೆಯಲ್ಲಿ ನಮ್ಮವರು ಜೋಳದ ಪರವಾಗಿ ಅಭಿಮಾನದಿಂದ ಮಾತನಾಡುತ್ತಾರೆ. ಅಭಿಮಾನ ಸರಿಯೇ, ಆದರೆ ಅಂಕಿಗಳನ್ನೂ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಮತ್ತು 10 ಗ್ರಾಂ ಪ್ರೋಟೀನ್ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಮಿಗೂ ಕಡಿಮೆ, ಪ್ರೋಟೀನ್ ಸುಮಾರು 8 ಗ್ರಾಂ. ಸಾಣಿಗೆ ಹಿಡಿದು ತವುಡು ಚೆಲ್ಲದ ಗೋಧಿ ಹಿಟ್ಟಿನಲ್ಲಿ ಮಾತ್ರ ನಾರು ಜೋಳಕ್ಕೆ ಸಮನಾಗಿಯೇ, ಇನ್ನೂ ತುಸು ಹೆಚ್ಚಾಗಿಯೇ ಇದೆ. ಹೀಗಾಗಿ ರೊಟ್ಟಿ ಬಡಿಯಲು ಬಾರದ ಹೊಸ ಸೊಸೆಯಾಗಲಿ, ಖಾನಾವಳಿಯ ರೊಟ್ಟಿಗೆ ದಿನವೂ ಹಣ ಕೊಡಲಾಗದ ವಿದ್ಯಾರ್ಥಿಯಾಗಲಿ ಇಡೀ ಗೋಧಿಯ ಚಪಾತಿ ತಿನ್ನುವುದರಿಂದ ನಾರಿನ ಲೆಕ್ಕದಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಗೋಧಿಯ ಗ್ಲುಟೆನ್ ಒಗ್ಗದವರಿಗೆ ಜೋಳವೇ ಆಸರೆ. ಬದಲಾಗಬೇಕಾದದ್ದು ಅನ್ನದ ಪ್ರಮಾಣ ಮತ್ತು ಮೈದಾದ ಬಳಕೆ.

ಮನೆಯಲ್ಲಿ ಈ ಬದಲಾವಣೆ ತರುವ ಗಂಡಸರು ನನ್ನ ಮೂರನೆಯ ಪ್ರಶ್ನೆಯನ್ನು ಇಲ್ಲಿ ನೆನೆಯಬೇಕು. ರಾತ್ರಿ ಅನ್ನ ಬೇಡ, ಬಿಸಿ ರೊಟ್ಟಿಯೇ ಬೇಕು ಎಂದರೆ ಯಾರೋ ಒಬ್ಬರು ಕುದಿಯುವ ನೀರಿನಲ್ಲಿ ಹಿಟ್ಟು ಕಲಸಿ, ನಾದಿ, ಬಡಿದು, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ತಿರುವಿ, ಕೆಂಡದಂಥ ಹಂಚಿನ ಮುಂದೆ ಇನ್ನೊಂದು ತಾಸು ನಿಲ್ಲಬೇಕಾಗುತ್ತದೆ. ಅದರ ಬದಲು ಒಣಗಿಸಿಟ್ಟ ಕಟಕ ರೊಟ್ಟಿಯನ್ನು ರಾತ್ರಿಗೆ ಬಳಸಿದರೆ, ಇಲ್ಲವೇ ಅಂಗಡಿಯಿಂದ ತಂದರೆ, ಒಬ್ಬರ ಆರೋಗ್ಯ ಇನ್ನೊಬ್ಬರ ಸೊಂಟದ ಮೇಲೆ ನಿಲ್ಲುವುದಿಲ್ಲ.

ರೊಟ್ಟಿಗಿಂತ ರೊಟ್ಟಿಯ ಜೊತೆಗಿರುವುದು ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಹೆಸರುಕಾಳು, ಮಡಕಿಕಾಳು, ಕಡಲೆಗಳಲ್ಲಿ ಅದು ಧಾರಾಳ. ಕಾಳಿನ ಪಲ್ಯದೊಂದಿಗೆ ರೊಟ್ಟಿ ತಿನ್ನುವ ನಮ್ಮ ಪದ್ಧತಿ ಆ ಕೊರತೆಯನ್ನು ತಾನೇ ತುಂಬಿಕೊಡುತ್ತದೆ. ದಿನಕ್ಕೆ 400 ಗ್ರಾಂ ಹಣ್ಣು-ಕಾಯಿಪಲ್ಯ ಬೇಕೆಂಬ ಶಿಫಾರಸ್ಸನ್ನು ಮುಟ್ಟಲು ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಗಜ್ಜರಿ, ಮೆಂತ್ಯದ ಸೊಪ್ಪು, ಹಕ್ಕರಕಿಗಳನ್ನು ತಾಟಿನ ಅಂಚಿನಿಂದ ನಡುವಿಗೆ ತರಬೇಕು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳಲ್ಲಿ ಒಳ್ಳೆಯ ಕೊಬ್ಬು ಇದೆ, ಅಗಸಿಯಲ್ಲಿ ಒಮೆಗಾ-3 ಕೂಡ ಇದೆ. ಆದರೆ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಮೂರೂ ಒಂದೇ ಊಟದಲ್ಲಿ ಬಂದರೆ ದಿನಕ್ಕೆ 5 ಗ್ರಾಂ, ಎಂದರೆ ಸುಮಾರು ಒಂದು ಸಣ್ಣ ಚಮಚ ಉಪ್ಪಿನ ಮಿತಿ ದಾಟಿಹೋಗುತ್ತದೆ. ರಕ್ತದೊತ್ತಡ ಇರುವವರು ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನಾದರೆ ಕಡಿಮೆ ಉಪ್ಪು ಹಾಕಿ ಕುಟ್ಟಿದ ಅಗಸಿ ಹಿಂಡಿಯನ್ನು ಉಳಿಸಿಕೊಳ್ಳುತ್ತೇನೆ.

ಸಂಜೆಯ ತಿಂಡಿಯಲ್ಲಿ ಮಿರ್ಚಿ ಭಜಿಗಿಂತ ಗಿರ್ಮಿಟ್ ಮೇಲು. ಚುರುಮುರಿ, ಹುರಿಗಡಲೆ ಪುಡಿ, ಉಳ್ಳಾಗಡ್ಡಿ, ಟೊಮೆಟೊ ಇರುವ ಗಿರ್ಮಿಟ್ಟಿನಲ್ಲಿ ಎಣ್ಣೆ ಒಗ್ಗರಣೆಗೆ ಬೇಕಾದಷ್ಟೇ. ಗಿರ್ಮಿಟ್ಟಿನ ಪಕ್ಕಕ್ಕೆ ಬರುವ ಎರಡು ಮಿರ್ಚಿಗಳನ್ನು ವಾರಕ್ಕೊಂದು ದಿನಕ್ಕೆ ಮೀಸಲಿಟ್ಟರೆ ಸಾಕು. ಬಾಣಲೆಯ ಎಣ್ಣೆ ಕಪ್ಪಾಗಿ ಗಟ್ಟಿಯಾಗಿರುವುದು ಕಂಡರೆ ಆ ದಿನವೂ ಬೇಡ, ಏಕೆಂದರೆ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ದೇಹಕ್ಕೆ ಹಾನಿಕರವಾದ ಪದಾರ್ಥಗಳು ಹುಟ್ಟಿರುತ್ತವೆ.

ಚಹಾ ಮತ್ತು ಮೋಸದ ಬದಲಿಗಳು

ಕಪ್ಪಿಗೆ ಎರಡು ಸಣ್ಣ ಚಮಚ ಸಕ್ಕರೆಯಂತೆ ದಿನಕ್ಕೆ ಐದು ಸಲ ಚಹಾ ಕುಡಿಯುವವರ ಹೊಟ್ಟೆಗೆ ಚಹಾದಿಂದಲೇ 40 ಗ್ರಾಮಿನಷ್ಟು ಸಕ್ಕರೆ ಸೇರುತ್ತದೆ. ಪೇಢಾ, ಬಿಸ್ಕತ್ತು, ಹಬ್ಬದ ಹೋಳಿಗೆ ಎಲ್ಲವನ್ನೂ ಸೇರಿಸಿ ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲಿ ಮೂರು ಆಯ್ಕೆಗಳಿವೆ: ಸಕ್ಕರೆಯ ಬದಲು ಬೆಲ್ಲ ಹಾಕುವುದು, ಸಕ್ಕರೆಯ ಅಳತೆ ಇಳಿಸುವುದು, ಚಹಾದ ಸಂಖ್ಯೆ ಇಳಿಸುವುದು. ಬೆಲ್ಲದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ ಆದ್ದರಿಂದ ಮೊದಲನೆಯದರಿಂದ ರಕ್ತದ ಸಕ್ಕರೆಗೆ ಹೇಳಿಕೊಳ್ಳುವಂಥ ಉಪಕಾರವಿಲ್ಲ. ಸಂಖ್ಯೆ ಇಳಿಸುವುದು ಅಂಗಡಿ, ಆಫೀಸು, ಬೀಗರ ಮನೆಗಳಲ್ಲಿ ಕಷ್ಟ. "ಚಾ ಕುಡದು ಹೋಗ್ರಿ" ಎಂದವರಿಗೆ ಬೇಡ ಎನ್ನುವುದು ನಮ್ಮಲ್ಲಿ ಸುಲಭವಲ್ಲ. ಅಳತೆ ಇಳಿಸುವುದೇ ಹೆಚ್ಚು ಕಾಲ ನಿಲ್ಲುವ ದಾರಿ. ಬೆಳಿಗ್ಗೆ ಇಡೀ ದಿನದ ಚಹಾಕ್ಕೆ ಬೇಕಾದ ಸಕ್ಕರೆಯನ್ನು ಅಳೆದು ಒಂದು ವಾಟಿಯಲ್ಲಿ ಬೇರೆಯಾಗಿ ಇಟ್ಟುಬಿಡಿ. ವಾರಕ್ಕೊಮ್ಮೆ ಆ ವಾಟಿಯಿಂದ ಒಂದು ಚಮಚ ಮರಳಿ ಡಬ್ಬಿಗೆ ಹಾಕುತ್ತ ಬಂದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸಿನ ಅಂತರವಿರಲಿ, ಏಕೆಂದರೆ ಚಹಾದ ಒಗರು ಆಹಾರದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ.

ಇಂಥದೇ ಇನ್ನೊಂದು ಮೋಸದ ಬದಲಿ ಗುಟ್ಕಾ ಬಿಟ್ಟು ಬರಿ ಅಡಿಕೆ ಅಗಿಯುವುದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುವ ಪದಾರ್ಥವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ತಂಬಾಕು ಬಿಡಲು ನೆರವು ಬೇಕಾದವರು 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬಹುದು.

ರಾತ್ರಿಯ ಊಟದ ಹೊತ್ತು

ಎಲ್ಲದರಲ್ಲಿ ಒಂದನ್ನೇ ಆರಿಸಿ ಎಂದು ಯಾರಾದರೂ ಕೇಳಿದರೆ, ನಾನು ಹೇಳುವುದು ರಾತ್ರಿಯ ಊಟವನ್ನು ಒಂದು ತಾಸು ಮುಂಚಿತವಾಗಿ ಮುಗಿಸಿ ಎಂದು. ಅಂಗಡಿ ಮುಚ್ಚಿ ಬರುವುದು ತಡ, ಧಾರಾವಾಹಿ ಮುಗಿಯುವುದು ತಡ, ಊಟ ಹತ್ತು ಗಂಟೆಗೆ, ಉಂಡ ಕೂಡಲೇ ಹಾಸಿಗೆ: ಇದು ಎಷ್ಟೋ ಮನೆಗಳ ದಿನಚರಿ. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಆಮ್ಲ ಮೇಲೆ ನುಗ್ಗಿ ಎದೆಯುರಿ ಬರುತ್ತದೆ, ನಿದ್ದೆ ಒಡೆಯುತ್ತದೆ, ಬೆಳಿಗ್ಗೆ ಏಳಲಾಗದೆ ನಡಿಗೆ ತಪ್ಪುತ್ತದೆ, ದಣಿವು ಕಳೆಯಲು ಒಂದು ಚಹಾ ಹೆಚ್ಚಾಗುತ್ತದೆ. ಊಟಕ್ಕೂ ನಿದ್ದೆಗೂ ನಡುವೆ ಎರಡು-ಮೂರು ತಾಸು ಸಿಕ್ಕರೆ ಈ ಸರಪಳಿಯೆಲ್ಲ ಸಡಿಲಗೊಳ್ಳುತ್ತದೆ, ಓಣಿಯಲ್ಲಿ ನಡೆಯುವ ಹದಿನೈದು ನಿಮಿಷಕ್ಕೂ ಜಾಗವಾಗುತ್ತದೆ. ಒಂಬತ್ತಕ್ಕೆ ಅಂಗಡಿ ಮುಚ್ಚುವ ದುರ್ಗದ ಬೈಲಿನ ವ್ಯಾಪಾರಿಗೆ ಇದು ಆಗದ ಮಾತು ಎನಿಸಬಹುದು. ಅವರು ಸಂಜೆ ಏಳರ ಹೊತ್ತಿಗೆ ಮನೆಯಿಂದ ಬಂದ ಬುತ್ತಿಯಲ್ಲಿ ರೊಟ್ಟಿ-ಪಲ್ಯ ತಿಂದು, ಮನೆಗೆ ಬಂದ ಮೇಲೆ ಬರಿ ಮಜ್ಜಿಗೆ ಅಥವಾ ಒಂದು ಹಣ್ಣು ತೆಗೆದುಕೊಂಡರೂ ಅರ್ಧಕ್ಕಿಂತ ಹೆಚ್ಚು ಕೆಲಸ ಆದಂತೆಯೇ.

ವಯಸ್ಕರಿಗೆ ಕನಿಷ್ಠ ಏಳು ತಾಸಿನ ನಿದ್ದೆ ಬೇಕು. ಚಹಾ-ಕಾಫಿಯ ಕೆಫೀನ್ ಸುಮಾರು ಐದು ತಾಸಿನ ನಂತರವೂ ಅರ್ಧದಷ್ಟು ದೇಹದಲ್ಲೇ ಇರುವುದರಿಂದ ಕೊನೆಯ ಚಹಾ ನಾಲ್ಕು ಗಂಟೆಯೊಳಗೆ ಮುಗಿಯಲಿ. ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಇಡುವುದಕ್ಕೂ, ದಿಂಬಿನ ಪಕ್ಕ ಇಟ್ಟುಕೊಂಡು ನೋಡುವುದಿಲ್ಲ ಎಂದು ಶಪಥ ಮಾಡುವುದಕ್ಕೂ ಇರುವ ವ್ಯತ್ಯಾಸ ಬಹಳ. ಮೊದಲನೆಯದನ್ನೇ ಮಾಡಿ.

ಮನಸ್ಸಿಗೆ: ಏಕಾಂತ, ಸಂಗಾತ, ಚಿಕಿತ್ಸೆ

ಧ್ಯಾನ ಮತ್ತು ದೀರ್ಘ ಉಸಿರಾಟ ಹಲವರಿಗೆ ಹಿತ ಕೊಡುತ್ತವೆ. ಆದರೆ ಒಂಟಿತನದಿಂದಲೇ ಬಳಲುತ್ತಿರುವ ವ್ಯಕ್ತಿಗೆ, ಅದರಲ್ಲೂ ಮಕ್ಕಳು ಬೆಂಗಳೂರು-ಪುಣೆ ಸೇರಿದ ಮೇಲೆ ದೊಡ್ಡ ಮನೆಯಲ್ಲಿ ಉಳಿದ ಹಿರಿಯರಿಗೆ, ಕಣ್ಣು ಮುಚ್ಚಿ ಕೂರುವುದಕ್ಕಿಂತ ನಾಲ್ಕು ಜನರ ನಡುವೆ ಕೂರುವುದು ಹೆಚ್ಚು ಅಗತ್ಯವಾಗಿರುತ್ತದೆ. ಮಠದ ಭಜನೆ, ಓಣಿಯ ಕಟ್ಟೆ, ವಾಚನಾಲಯ, ಸಂಗೀತ ಕಛೇರಿ ಇವು ಇಂದಿಗೂ ನಮ್ಮ ಊರುಗಳಲ್ಲಿ ಖರ್ಚಿಲ್ಲದೆ ಸಿಗುವ ಔಷಧಗಳು. ದಿನವಿಡೀ ಗಿರಾಕಿಗಳೊಡನೆಯೋ ವಿದ್ಯಾರ್ಥಿಗಳೊಡನೆಯೋ ಮಾತನಾಡಿ ದಣಿದವರಿಗೆ ಮಾತ್ರ ಹತ್ತು ನಿಮಿಷದ ಮೌನ ಮೊದಲ ಆಯ್ಕೆ.

ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಬದುಕು ಸಾಕೆಂಬ ಯೋಚನೆ ಸುಳಿದರೆ ಅಭ್ಯಾಸಗಳ ಹೋಲಿಕೆಯನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು. ಧಾರವಾಡದ ಡಿಮ್ಹಾನ್ಸ್ 19ನೆಯ ಶತಮಾನದಿಂದ ನಡೆದುಬಂದ ಮಾನಸಿಕ ಆಸ್ಪತ್ರೆಯ ಇಂದಿನ ರೂಪ. ಗದಗ, ಹಾವೇರಿಯವರಿಗೂ ಅದು ಹತ್ತಿರ. ಮನೆಯಿಂದಲೇ ಮಾತನಾಡಬೇಕೆಂದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. "ಜನ ಏನಂದಾರು" ಎಂಬ ಅಂಜಿಕೆಯಿಂದ ಆ ಆಸ್ಪತ್ರೆಯ ಬಾಗಿಲವರೆಗೆ ಬಂದು ಮರಳುವವರು ಇನ್ನೂ ಇದ್ದಾರೆ ಎಂಬುದು ನೋವಿನ ಸಂಗತಿ. ಜೊತೆಗೆ ಹೋಗುವ ಒಬ್ಬ ಸಂಬಂಧಿಕ ಅಥವಾ ಗೆಳೆಯ ಈ ಹಿಂಜರಿಕೆಯನ್ನು ಬಹಳಷ್ಟು ಕಡಿಮೆ ಮಾಡಬಲ್ಲ.

ಯಾರಿಗೆ ಯಾವುದು

ಸಪ್ತಾಪುರದ ರೂಮಿನಲ್ಲಿ ಇದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ವಿದ್ಯಾರ್ಥಿ ನಿದ್ದೆಯಿಂದ ಆರಂಭಿಸಬೇಕು. ಓದಿದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿಯೇ ಆದ್ದರಿಂದ ರಾತ್ರಿಯೆಲ್ಲ ಎಚ್ಚರವಿರುವುದು ಅವನ ಗುರಿಗೇ ಅಡ್ಡಿ. ಗೃಹಿಣಿಗೆ ಮಧ್ಯಾಹ್ನದ ಊಟದ ನಂತರದ ಹದಿನೈದು ನಿಮಿಷ ನಡಿಗೆಗೆ ಒಳ್ಳೆಯ ಹೊತ್ತು. ಬಿಸಿಲಿದ್ದರೆ ಪಡಸಾಲೆಯಲ್ಲಿಯೇ ಆಗಬಹುದು. ಕೂತು ಕೆಲಸ ಮಾಡುವ ನೌಕರರಿಗೆ ಚಿಗರಿ ನಿಲ್ದಾಣದ ನಡಿಗೆ ಮತ್ತು ಸಕ್ಕರೆಯ ವಾಟಿ. ನಿವೃತ್ತರಿಗೆ ಬೆಳಗಿನ ಯೋಗ, ಸಂಜೆಯ ಸಂಗಾತ.

ಹಾವೇರಿ, ಗದಗ ಕಡೆಯ ಹೊಲಗಳಲ್ಲಿ ದಿನವಿಡೀ ಕಳೆ ತೆಗೆಯುವ, ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳಿಗೆ ಇನ್ನಷ್ಟು ನಡೆಯಿರಿ ಎಂದು ಹೇಳುವುದು ಅನ್ಯಾಯ. ಅವರಿಗೆ ಬೇಕಾದದ್ದು ವಿಶ್ರಾಂತಿ, ಹೊಲಕ್ಕೆ ಒಯ್ಯುವಷ್ಟು ಕುಡಿಯುವ ನೀರು, ಹಾಗೂ ಕಬ್ಬಿಣಾಂಶ. ಬಸುರಿಯಲ್ಲದ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸದಾ ದಣಿವು, ಏದುಸಿರು ಇದ್ದವರು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬುತ್ತಿಯ ಕಾಳಿನ ಪಲ್ಯ, ಸೊಪ್ಪಿನ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಅದರ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಆರೋಗ್ಯ ಕೇಂದ್ರದಲ್ಲಿ ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಅದನ್ನು ಚಹಾದ ಜೊತೆ ನುಂಗದೆ ನೀರಿನೊಂದಿಗೆ ನುಂಗಬೇಕು, ಮತ್ತು ದಣಿವು ಇಳಿದ ಕೂಡಲೇ ನಿಲ್ಲಿಸದೆ ಡಾಕ್ಟರು ಹೇಳಿದಷ್ಟು ತಿಂಗಳು ಮುಂದುವರಿಸಬೇಕು.